ರಾಣಿಯ ಬಿಸಿನೀರೂ ಪೆನಿಶ್ ಕೋಟೆಯೂ

ನಮ್ಮ ತರಗತಿಗಳಲ್ಲಿ ಪೋರ್ಚುಗೀಸರು ಹಡಗಿನಿಂದ ಇಳಿಯುವವರಾಗಿಯೇ ಕಾಣಿಸಿಕೊಳ್ಳುತ್ತಾರೆ. ಅವರ ಸ್ವಂತ ನಾಡು ಹೇಗಿದ್ದಿತೆಂದು ಕೇಳುವವರು ವಿರಳ. ಲಿಸ್ಬನ್ನಿಗೆ ಉತ್ತರದಲ್ಲಿರುವ ಕಾಲ್ದಸ್ ದ ರಾಯಿನ್ಯ ಎಂಬ ಪಟ್ಟಣವನ್ನೂ ಅದರ ಸಮೀಪದ ಕಡಲತೀರವನ್ನೂ ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ನಾವು ಉದ್ದೇಶಿಸಿದ್ದೇವೆ. ಪ್ರವಾಸಿಗಳು ಸ್ನಾನಕ್ಕೂ ವಿಹಾರಕ್ಕೂ ಅರಸಿ ಹೋಗುವ ಈ ಸೀಮೆಯ ಒಂದು ಕೋಟೆಗೆ ನಮ್ಮ ನೆರೆಯ ಗೋವೆಯೊಡನೆ ನೇರವಾದ ಸಂಬಂಧವುಂಟು.

ಪಟ್ಟಣದ ಹೆಸರಿಗೆ ‘ರಾಣಿಯ ಬಿಸಿನೀರು’ ಎಂದರ್ಥ. ಇಮ್ಮಡಿ ಜೊವಾಂವ್ ದೊರೆಯ ಪತ್ನಿ ಲಿಯೊನೋರ್ ರಾಣಿಯು 1484ರಲ್ಲಿ ಈ ದಾರಿಯಾಗಿ ಹೋಗುತ್ತಿದ್ದಾಗ, ಬಡಜನರು ದುರ್ಗಂಧದ ನೀರಿನಲ್ಲಿ ಮೀಯುತ್ತಿದ್ದುದನ್ನು ಕಂಡು ಕಾರಣ ಕೇಳಿದಳೆಂದೂ, ಅದು ರೋಗ ಕಳೆಯುವುದೆಂಬ ಉತ್ತರ ಬಂದಿತೆಂದೂ ಐತಿಹ್ಯ. ಗಂಧಕಯುಕ್ತ ಬುಗ್ಗೆಯ ಬಳಿ ಅಂಥ ನೋಟ ಅಸಂಭವವಲ್ಲ. ನೆರೆಯ ಓಬಿದುಸ್ ಎಂಬ ಕೋಟೆಯೂರು ದಿನಿಸ್ ದೊರೆಯ ಕಾಲದಿಂದ ರಾಣಿಯರ ಸ್ವತ್ತಾಗಿದ್ದಿತಾದುದರಿಂದ ಅವಳು ಈ ದಾರಿಯಲ್ಲಿ ಬಂದುದೂ ಸಹಜವೇ. ಆದರೆ ಐತಿಹ್ಯಕ್ಕಿಂತ ಬೆಲೆಯುಳ್ಳದ್ದು ಆಕೆ ಕಟ್ಟಿಸಿದ ಆಸ್ಪತ್ರೆ. 1485ರಲ್ಲಿ ಆರಂಭವಾದ ಅದಕ್ಕೆ 1512ರಲ್ಲಿ ಲಿಖಿತ ನಿಬಂಧನೆ ದೊರೆಯಿತು. ಬಿಸಿನೀರಿನ ಚಿಕಿತ್ಸೆಗೆಂದೇ ಹುಟ್ಟಿದ ಆಸ್ಪತ್ರೆಗಳಲ್ಲಿ ಇದು ಜಗತ್ತಿನಲ್ಲೇ ಅತ್ಯಂತ ಹಳೆಯದೆಂದು ಪರಿಗಣಿತವಾಗಿದೆ. ಬುಗ್ಗೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಊರು, ಇದೇ ಇಲ್ಲಿಯ ಕ್ರಮ. ಇಂದು ಪ್ರವಾಸಿಗಳು ಮೆಚ್ಚುವ ಪೊಪುಲು ಮಾತೆಯ ಇಗರ್ಜಿ ಮೂಲತಃ ರೋಗಿಗಳ ಪ್ರಾರ್ಥನಾಮಂದಿರವೇ.

ರಾಣಿಯ ಏಕೈಕ ಪುತ್ರ ಅಫೊನ್ಸು 1491ರಲ್ಲಿ ಕುದುರೆಯಿಂದ ಬಿದ್ದು ಮೃತನಾದನು. ಬೆಸ್ತರು ಅವನ ದೇಹವನ್ನು ತಮ್ಮ ಬಲೆಯಲ್ಲಿ ಹೊತ್ತು ತಂದರೆಂದು ಹೇಳಿಕೆ. ಸೀಗಡಿ ಬಲೆಯನ್ನು ಆಕೆ ತನ್ನ ಲಾಂಛನವಾಗಿ ಧರಿಸಿದಳು. ಆಕೆಯ ಆಶ್ರಯದಲ್ಲಿ 1498ರಲ್ಲಿ ಲಿಸ್ಬನ್ನಿನಲ್ಲಿ ಮಿಸೆರಿಕೊರ್ಡಿಯ ಎಂಬ ದಯಾಸಂಘ ಸ್ಥಾಪಿತವಾಯಿತು. ಆಕೆಯ ತಮ್ಮ ಮನುವೇಲ್ ದೊರೆ ಕಳುಹಿದ ವಾಸ್ಕೋ ಡ ಗಾಮ ಕಲ್ಲಿಕೋಟೆಯನ್ನು ತಲಪಿದ ವರ್ಷವೂ ಅದೇ. ಮುಂದೆ ಗೋವೆಯಲ್ಲಿಯೂ ಕೊಚ್ಚಿಯಲ್ಲಿಯೂ ಅದೇ ಮಾದರಿಯ ಸಂಘಗಳು ಎದ್ದುವು.

ಐದನೆಯ ಜೊವಾಂವ್ ದೊರೆ ಚಿಕಿತ್ಸೆಗಾಗಿ ಅನೇಕ ಬಾರಿ ಬಂದು, 1747ರಿಂದ 1750ರವರೆಗೆ ಆಸ್ಪತ್ರೆಯನ್ನು ಹೊಸದಾಗಿ ಕಟ್ಟಿಸಿದನು. 1884ರಲ್ಲಿ ವ್ಯಂಗ್ಯಚಿತ್ರಕಾರ ರಫಾಯೆಲ್ ಬೊರ್ದಾಲು ಪಿನ್ಯೇರು ಸ್ಥಾಪಿಸಿದ ಪಿಂಗಾಣಿ ಕಾರ್ಖಾನೆಯಿಂದ ಊರಿಗೆ ಮತ್ತೊಂದು ಪ್ರಸಿದ್ಧಿ ಬಂದಿತು. ಕೋಸಿನ ಎಲೆಯಾಕಾರದ ಆ ತಟ್ಟೆಗಳು ನೋಡಲು ಸೊಗಸು. ಉಣ್ಣಲು ಅನುಕೂಲವೋ ನಾವರಿಯೆವು.

ಇಲ್ಲಿಂದ ನೈಋತ್ಯದ ಕರಾವಳಿಯಲ್ಲಿ ಪೆನಿಶ್ ಇದೆ. ಕಡಲಿಗೆ ಚಾಚಿದ ಬಂಡೆಯ ಮೇಲಿನ ಅದರ ಕೋಟೆ 1934ರಿಂದ 1974ರವರೆಗೆ ಸರ್ವಾಧಿಕಾರಿ ಪ್ರಭುತ್ವದ ರಾಜಕೀಯ ಸೆರೆಮನೆಯಾಗಿದ್ದಿತು. 1946ರ ಜೂನ್ 18ರಂದು ರಾಮಮನೋಹರ ಲೋಹಿಯಾ ಮಡಗಾಂವಿನಲ್ಲಿ ನಾಗರಿಕ ಹಕ್ಕುಗಳ ಸತ್ಯಾಗ್ರಹ ಆರಂಭಿಸಿದ ಬಳಿಕ ಗೋವೆಯ ನಾಯಕರಿಗೆ ಸೇನಾ ನ್ಯಾಯಾಲಯದಲ್ಲಿ ಶಿಕ್ಷೆಯಾಯಿತು. ಎಂಟು ವರ್ಷಗಳ ಶಿಕ್ಷೆ ಪಡೆದ ಟಿ. ಬಿ. ಕುನ್ಹ, ಪುರುಷೋತ್ತಮ ಕಾಕೋಡ್ಕರ್, ಲಕ್ಷ್ಮೀಕಾಂತ ಭೇಂಬ್ರೆ, ರಾಮ ಹೆಗ್ಡೆ ಮೊದಲಾದವರನ್ನು ಕಡಲಾಚೆಯ ಈ ಕೋಟೆಗೆ ಸಾಗಿಸಲಾಯಿತು. ಸ್ವದೇಶದ ಬಂಡಾಯಗಾರನಿಗೂ ವಸಾಹತಿನ ಬಂಡಾಯಗಾರನಿಗೂ ಆ ಪ್ರಭುತ್ವ ಒಂದೇ ಸೆರೆಮನೆಯನ್ನು ಗೊತ್ತುಮಾಡಿದುದು ನಮ್ಮ ದೃಷ್ಟಿಯಲ್ಲಿ ಗಮನಾರ್ಹ. ಕಮ್ಯುನಿಸ್ಟ್ ನಾಯಕ ಆಲ್ವರು ಕುನ್ಯಾಲ್ ಸಂಗಡಿಗರೊಡನೆ 1960ರ ಜನವರಿ 3ರಂದು ತಪ್ಪಿಸಿಕೊಂಡುದು ಇಲ್ಲಿಂದಲೇ.

1958ರಲ್ಲಿ ಮುಂಬಯಿಯಲ್ಲಿ ತೀರಿಕೊಂಡ ಕುನ್ಹ ಗೋವೆಯ ವಿಮೋಚನೆಯನ್ನು ಕಾಣಲಿಲ್ಲ. ಗೋವೆ 1961ರ ಡಿಸೆಂಬರಿನಲ್ಲಿ ವಿಮುಕ್ತವಾಯಿತು; ಪೆನಿಶ್ ಮಾತ್ರ ಇನ್ನೂ ಕಾಯಬೇಕಾಯಿತು. 1974ರ ಮಾರ್ಚ್ 16ರಂದು ಕಾಲ್ದಸ್ಸಿನ ಕಾಲ್ದಳವೇ ಲಿಸ್ಬನ್ನಿನತ್ತ ದಂಡೆತ್ತಿ ನಡೆದು ವಿಫಲವಾಯಿತು. ಏಪ್ರಿಲ್ 25ರ ಕ್ರಾಂತಿಯ ಎರಡು ದಿನಗಳೊಳಗೆ ಸೆರೆಯ ಬಾಗಿಲುಗಳು ತೆರೆದುವು. 2016ರಲ್ಲಿ ಈ ಕೋಟೆಯನ್ನು ಪ್ರವಾಸೋದ್ಯಮಕ್ಕಾಗಿ ಖಾಸಗಿಯವರಿಗೆ ವಹಿಸುವ ಸೂಚನೆ ಬಂದಾಗ ಹಳೆಯ ಕೈದಿಗಳೂ ಇತರರೂ ಪ್ರತಿಭಟಿಸಿದರು. ಸರ್ಕಾರ ಹಿಂದೆಗೆಯಿತು. 2024ರ ಏಪ್ರಿಲಿನಲ್ಲಿ ಅದು ಪ್ರತಿರೋಧ ಮತ್ತು ಸ್ವಾತಂತ್ರ್ಯದ ರಾಷ್ಟ್ರೀಯ ವಸ್ತುಸಂಗ್ರಹಾಲಯವಾಗಿ ತೆರೆಯಿತು.