ಹಾರ್ಮೋನು, ಹೆರಿಗೆ, ಸೊಂಟದ ಸುತ್ತಳತೆ: ಸ್ತನ ಕ್ಯಾನ್ಸರಿನ ಕಾರಣ ಹುಡುಕಿದ ದಾರಿ

ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1980ರ ದಶಕದ ಆರಂಭದಲ್ಲಿ ನಗರದ ಕ್ಯಾನ್ಸರ್ ರೋಗಿಗಳ ಲೆಕ್ಕ ಬರೆದಿಡಲು ತೊಡಗಿದಾಗ ಹೆಂಗಸರ ಪಟ್ಟಿಯಲ್ಲಿ ಮೊದಲು ಬರುತ್ತಿದ್ದದ್ದು ಗರ್ಭಕೊರಳಿನ ಕ್ಯಾನ್ಸರ್. ಈಗ ಸ್ತನ ಕ್ಯಾನ್ಸರ್ ಅದನ್ನು ಬಹಳ ಹಿಂದೆ ಹಾಕಿದೆ. 2020ರ ರಾಷ್ಟ್ರೀಯ ವರದಿಯಂತೆ ಬೆಂಗಳೂರಿನಲ್ಲಿ ವರ್ಷಕ್ಕೆ ಲಕ್ಷ ಹೆಂಗಸರಲ್ಲಿ ಸುಮಾರು 40 ಮಂದಿಗೆ ಇದು ಬರುತ್ತದೆ. ಮಹಾರಾಷ್ಟ್ರದ ಬಾರ್ಶಿ ಸುತ್ತಲಿನ ಹಳ್ಳಿಗಳಲ್ಲಿ ಅದರ ಅರ್ಧವೂ ಇಲ್ಲ. ದಕ್ಷಿಣ ಕನ್ನಡದ ಪುತ್ತೂರು ಪೇಟೆಗೆ ಹತ್ತಿರದ ನರಿಮೊಗರಿನಂಥ ನಮ್ಮ ಊರನ್ನು ಯಾವ ಸಾಲಿಗೆ ಸೇರಿಸುವುದು? ತೋಟ, ಹಟ್ಟಿ ಹಳ್ಳಿಯವು. ಮದುವೆಯ ವಯಸ್ಸು, ಮನೆಗೊಂದೋ ಎರಡೋ ಮಕ್ಕಳು, ಗ್ರೈಂಡರು, ಸ್ಕೂಟರು ಪೇಟೆಯವು. ಬದುಕಿನ ಇಂಥ ಬದಲಾವಣೆಗೂ ಈ ಕಾಯಿಲೆಗೂ ಇರುವ ನಂಟನ್ನು ವೈದ್ಯರು ಮುನ್ನೂರು ವರ್ಷಗಳಿಂದ ಹುಡುಕುತ್ತಿದ್ದಾರೆ.

ಮೊದಲ ಸುಳಿವು ಸಿಕ್ಕಿದ್ದು ಇಟಲಿಯಲ್ಲಿ. ಕಸುಬಿಗೆ ಅಂಟಿದ ರೋಗಗಳ ಬಗ್ಗೆ ಬರೆದ ವೈದ್ಯ ಬರ್ನಾರ್ಡಿನೋ ರಮಾಜಿನಿ, ಹೆರಿಗೆಯೇ ಇಲ್ಲದ ಕ್ರೈಸ್ತ ಸನ್ಯಾಸಿನಿಯರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚೆಂದು 18ನೇ ಶತಮಾನದ ಆರಂಭದಲ್ಲೇ ಗುರುತಿಸಿದ್ದ. 1896ರಲ್ಲಿ ಗ್ಲಾಸ್ಗೋದ ಜಾರ್ಜ್ ಬೀಟ್ಸನ್, ಅಂಡಾಶಯ ತೆಗೆದರೆ ಕೆಲವರ ಗಡ್ಡೆ ಕುಗ್ಗುತ್ತದೆಂದು ವರದಿ ಮಾಡಿದ. ಅಂಡಾಶಯ ಸ್ರವಿಸುವ ಹಾರ್ಮೋನಿಗೆ ಈಸ್ಟ್ರೋಜೆನ್ ಎಂಬ ಹೆಸರೇ ಇನ್ನೂ ಹುಟ್ಟಿರದ ಕಾಲವದು. 1926ರಲ್ಲಿ ಇಂಗ್ಲೆಂಡಿನ ಜಾನೆಟ್ ಲೇನ್-ಕ್ಲೇಪನ್ 500 ರೋಗಿಗಳನ್ನೂ ಅಷ್ಟೇ ಮಂದಿ ರೋಗವಿಲ್ಲದವರನ್ನೂ ಎದುರುಬದುರು ಇಟ್ಟು ಮದುವೆ, ಹೆರಿಗೆ, ಹಾಲೂಡಿಕೆಯ ವಿವರ ಕಲೆಹಾಕಿದಳು. ಇಂದಿನ ಸಂಶೋಧಕರೂ ಹೆಚ್ಚುಕಡಿಮೆ ಅವಳ ಪ್ರಶ್ನೆಗಳನ್ನೇ ಕೇಳುತ್ತಾರೆ.

1970ರಲ್ಲಿ ಬ್ರಯಾನ್ ಮ್ಯಾಕ್‌ಮಹಾನ್ ತಂಡ ಏಳು ಪ್ರದೇಶಗಳ ಲೆಕ್ಕ ಒಟ್ಟುಗೂಡಿಸಿ, ಹದಿನೆಂಟರೊಳಗೆ ಮೊದಲ ಮಗು ಹೆತ್ತವರಿಗೆ ಇರುವ ಅಪಾಯ, ಮೂವತ್ತೈದರ ನಂತರ ಹೆತ್ತವರಿಗಿರುವುದರ ಮೂರನೇ ಒಂದು ಪಾಲು ಮಾತ್ರ ಎಂದಿತು. ಹಾಗೆಂದು ಹುಡುಗಿಯರನ್ನು ಬೇಗ ಮದುವೆ ಮಾಡಿಸಿ ಎನ್ನುವುದೇ? ಎಳೆಯ ತಾಯಿಗೂ ಮಗುವಿಗೂ ಆಗುವ ಹಾನಿ ಅದಕ್ಕಿಂತ ಎಷ್ಟೋ ದೊಡ್ಡದು. ಕಾರಣ ತಿಳಿದ ಮಾತ್ರಕ್ಕೆ ಮದ್ದು ಸಿಕ್ಕಂತಲ್ಲ.

2002ರಲ್ಲಿ 30 ದೇಶಗಳ 47 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಕೈಗೆಟುಕುವ ಒಂದು ಸಂಗತಿ ಸ್ಪಷ್ಟವಾಯಿತು. ಪ್ರತಿ ಹೆರಿಗೆಗೆ ಅಪಾಯ ಶೇ. 7ರಷ್ಟು ತಗ್ಗಿದರೆ, ಎದೆಹಾಲು ಕೊಟ್ಟ ಪ್ರತಿ ಹನ್ನೆರಡು ತಿಂಗಳಿಗೆ ಇನ್ನೂ ಶೇ. 4.3ರಷ್ಟು ತಗ್ಗುತ್ತದೆ. ಚೆನ್ನೈ, ತಿರುವನಂತಪುರಗಳಲ್ಲಿ ನಡೆದ ಅಧ್ಯಯನದಲ್ಲಿ ಹಾಲೂಡಿಕೆಯ ಈ ಲಾಭ ಕಂಡದ್ದು ಮುಟ್ಟು ನಿಲ್ಲದವರಲ್ಲಿ. ನಮ್ಮ ಅಜ್ಜಿಯಂದಿರು ಐದಾರು ಮಕ್ಕಳಿಗೆ ಎರಡೆರಡು ವರ್ಷ ಹಾಲು ಕೊಟ್ಟವರು. ಮೂರು ತಿಂಗಳಿಗೆ ಬಾಣಂತನ ಮುಗಿಸಿ ಕೆಲಸಕ್ಕೆ ಹೊರಡಬೇಕಾದ ಸೊಸೆಗೆ ಆ ಅವಕಾಶ ಎಲ್ಲಿದೆ? ಅದನ್ನು ಅವಳ ಅಸಡ್ಡೆ ಎನ್ನುವವರು ರಜೆ ಕೊಡದ ಧಣಿಯ ಬಗ್ಗೆಯೂ ಮಾತಾಡಬೇಕು.

ಅದೇ 2002ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಪ್ರಯೋಗವನ್ನು ಅರ್ಧದಲ್ಲೇ ನಿಲ್ಲಿಸಬೇಕಾಯಿತು. ಮುಟ್ಟು ನಿಂತ 16,608 ಹೆಂಗಸರಲ್ಲಿ ಕೆಲವರಿಗೆ ಈಸ್ಟ್ರೋಜೆನ್-ಪ್ರೊಜೆಸ್ಟಿನ್ ಕೂಡಿದ ಮಾತ್ರೆ, ಉಳಿದವರಿಗೆ ಮದ್ದಿಲ್ಲದ ಬರೀ ಗುಳಿಗೆ. ಹಾರ್ಮೋನು ನುಂಗಿದವರಲ್ಲಿ ಸ್ತನ ಕ್ಯಾನ್ಸರ್ ಶೇ. 26ರಷ್ಟು ಹೆಚ್ಚಿತ್ತು. ಗರ್ಭನಿರೋಧಕ ಮಾತ್ರೆಯ ವಿಷಯದಲ್ಲಿ ಏರಿಕೆ ಸಣ್ಣದು. ಬಿಟ್ಟ ಮೇಲೆ ಕ್ರಮೇಣ ಇಳಿಯುತ್ತದೆ. ನೇಮಕ್ಕೋ ಮದುವೆಗೋ ಮುಟ್ಟು ಮುಂದೂಡಲು ನಮ್ಮವರು ಮೆಡಿಕಲ್ ಶಾಪಿನಿಂದ ತರುವ ಗುಳಿಗೆಯನ್ನು ವರ್ಷಗಟ್ಟಲೆ ನುಂಗುವ ಹಾರ್ಮೋನಿನೊಂದಿಗೆ ಒಂದೇ ತಕ್ಕಡಿಗೆ ಹಾಕಬಾರದು. ಆದರೂ ಚೀಟಿಯಿಲ್ಲದೆ ತರುವ ಅಭ್ಯಾಸ ಒಳ್ಳೆಯದಲ್ಲ.

ನಮ್ಮ ಕಡೆಗೆ ಮುಖ್ಯವಾದದ್ದು, ನನ್ನ ದೃಷ್ಟಿಯಲ್ಲಿ, ಬೊಜ್ಜು ಮತ್ತು ಕೂತಲ್ಲೇ ಕೂರುವುದು. ಮುಟ್ಟು ನಿಂತ ಮೇಲೆ ಅಂಡಾಶಯ ಸುಮ್ಮನಾಗುತ್ತದೆ. ಆಗ ಈಸ್ಟ್ರೋಜೆನ್ ತಯಾರಾಗುವುದು ಹೆಚ್ಚಾಗಿ ದೇಹದ ಕೊಬ್ಬಿನಲ್ಲೇ. ದಕ್ಷಿಣ ಭಾರತದ ಅದೇ ಅಧ್ಯಯನ ಸೊಂಟದ ಸುತ್ತಳತೆ 85 ಸೆಂಟಿಮೀಟರ್ ದಾಟಿದವರಲ್ಲಿ ಅಪಾಯ ಹೆಚ್ಚೆಂದು ತೋರಿಸಿತು. ಹಿಂದೆ ಕಡೆಯುವ ಕಲ್ಲು, ಬಾವಿಯ ನೀರು, ಗುಡ್ಡದಿಂದ ಸೊಪ್ಪಿನ ಹೊರೆ ಎಲ್ಲ ಮೈಮೇಲೇ ಬರುತ್ತಿದ್ದವು. ಬೀಡಿ ಕಟ್ಟುವಾಕೆಯನ್ನು ನೋಡಿ: ಮಡಿಲಲ್ಲಿ ಗೆರಸೆ, ಅದರಲ್ಲಿ ಎಲೆ, ಹೊಗೆಸೊಪ್ಪಿನ ಪುಡಿ, ಕತ್ತರಿ, ನೂಲು. ಬೆರಳು ಬಿಟ್ಟು ಬೇರೇನೂ ಅಲುಗುವುದಿಲ್ಲ. ಸಾವಿರ ಬೀಡಿ ಆಗುವವರೆಗೆ ಸೊಂಟ ಎತ್ತುವಂತಿಲ್ಲ. ದುಡಿದು ದಣಿದವಳಿಗೆ ನಡಿಗೆಯ ಉಪದೇಶ ಮಾಡುವುದು ಸುಲಭ. ಆದರೆ ಆ ದಣಿವು ವ್ಯಾಯಾಮವಲ್ಲ ಎನ್ನುವುದೂ ನಿಜ. ಮದ್ಯವೂ ಸಾಬೀತಾದ ಕಾರಣವೇ. ಇಲ್ಲಿನ ಹೆಚ್ಚಿನ ಹೆಂಗಸರಿಗೆ ಅದು ಅನ್ವಯಿಸದು.

ಈ ಸೀಮೆಯಲ್ಲಿ ಕ್ಯಾನ್ಸರ್ ಎಂದೊಡನೆ ಬಾಯಿಗೆ ಬರುವ ಇನ್ನೊಂದು ಹೆಸರು ಎಂಡೋಸಲ್ಫಾನ್. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಈ ಕೀಟನಾಶಕವನ್ನು ಸುಪ್ರೀಂ ಕೋರ್ಟ್ 2011ರಲ್ಲಿ ತಡೆಯಿತು. ಕೊಕ್ಕಡದಂಥ ಕಡೆ ಪೀಡಿತರಿಗೆ ಪಾಲನಾ ಕೇಂದ್ರಗಳಾದವು. 1994ರಲ್ಲಿ ಆನಾ ಸೋಟೋ ತಂಡ ಪ್ರಯೋಗಾಲಯದಲ್ಲಿ, ಮನುಷ್ಯರ ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಎಂಡೋಸಲ್ಫಾನ್ ಈಸ್ಟ್ರೋಜೆನಿನಂತೆ ವರ್ತಿಸುವುದನ್ನು ಕಂಡಿತ್ತು. ಇಂಥ ಪ್ರಯೋಗಗಳಿಗೆ ಲೋಕವೆಲ್ಲ ಬಳಸುವ ಎಂಸಿಎಫ್-7 ಕೋಶಗಳು ಅಮೆರಿಕದ ಒಬ್ಬ ಸನ್ಯಾಸಿನಿಯ ದೇಹದಿಂದ ಬಂದವು ಎಂಬುದು ರಮಾಜಿನಿಯನ್ನು ಓದಿದವರಿಗೆ ವಿಚಿತ್ರವೆನಿಸಬಹುದು. ಆದರೆ ಗಾಜಿನ ಬಟ್ಟಲಿನಲ್ಲಿ ಕೋಶ ಬೆಳೆದದ್ದೂ ಹೆಂಗಸಿಗೆ ಕಾಯಿಲೆ ಬಂದದ್ದೂ ಒಂದೇ ಅಲ್ಲ. ಊರಿನ ಪ್ರತಿ ಗಡ್ಡೆಯನ್ನೂ ಅದರ ಲೆಕ್ಕಕ್ಕೆ ಬರೆದರೆ ಉಳಿದ ಕಾರಣಗಳು ಕಣ್ಣು ತಪ್ಪಿಸುತ್ತವೆ.

ಮೇಲಿನ ಅಂಕಿಗಳೆಲ್ಲ ಗುಂಪಿನವು, ಒಬ್ಬೊಬ್ಬಳ ಹಣೆಬರಹವಲ್ಲ. ನಾಲ್ಕು ಹೆತ್ತು ಹಾಲೂಡಿದವಳಿಗೂ ಇದು ಬರುತ್ತದೆ, ಮದುವೆಯೇ ಆಗದವಳು ತೊಂಬತ್ತು ದಾಟುತ್ತಾಳೆ. ಆದ್ದರಿಂದ ರೋಗಿಯ ಮುಂದೆ ಕೂತು ಅವಳ ಬದುಕಿನ ತಪ್ಪು ಹುಡುಕುವುದು ಬೇಡ. ಬೇಗ ಪತ್ತೆಹಚ್ಚುವ ಕೆಲಸವಂತೂ ನಮ್ಮ ಕೈಯಲ್ಲಿದೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಇಪ್ಪತ್ತು ವರ್ಷ ಗಮನಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿತು. ಮ್ಯಾಮೋಗ್ರಾಮ್ ಇಲ್ಲದೆ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಿದ್ದರಿಂದ ಐವತ್ತು ದಾಟಿದವರಲ್ಲಿ ಸಾವು ಸುಮಾರು ಶೇ. 30ರಷ್ಟು ಇಳಿದಿತ್ತು. ಮೂವತ್ತು ದಾಟಿದವರಿಗೆ ಇಂಥ ಪರೀಕ್ಷೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಉಪಕೇಂದ್ರಕ್ಕೆ ಹೋದಾಗ ನಾಚಿಕೊಳ್ಳದೆ ಸಿಸ್ಟರನ್ನು ಕೇಳಿ. ಗಂಟು ಕೈಗೆ ಸಿಕ್ಕರೆ, ನೋವಿಲ್ಲವೆಂದು ಅಡಿಕೆ ಕೊಯ್ಲು ಮುಗಿಯುವವರೆಗೆ ಕಾಯಬೇಡಿ. ಈ ಕಾಯಿಲೆಯ ಗಂಟು ಮೊದಲಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ.