ಸೊಟ್ಟ ಹೆಬ್ಬೆರಳಿನ ಹಳೇ ಕಥಿ

ಕಾಲಿನ ಆಪರೇಷನ್ ಆಗಿ ಮೂರು ತಿಂಗಳಾತು. ಮೊದಲ ಎರಡು ವಾರ ಕಾಲು ದಿಂಬಿನ ಮ್ಯಾಲ ಇಟ್ಟು ಕೂತಾಗ ಬಂದವರೆಲ್ಲಾ ಕೇಳಿದ್ದು ಒಂದೇ ಮಾತು: "ಈ ವಯಸ್ಸಿನ್ಯಾಗ ಕಾಲಿನ ಛಂದ ಯಾರು ನೋಡ್ತಾರ?" ಛಂದಕ್ಕಲ್ರೆವಾ, ಬ್ಯಾನಿಗೆ. ಹೆಬ್ಬೆರಳು ಪಕ್ಕದ ಬೆರಳಿನ ಮ್ಯಾಲ ಏರಿ, ಬುಡದಾಗ ಅಡಿಕಿಯಷ್ಟು ಗಂಟು ಎದ್ದಿತ್ತು. ಡಾಕ್ಟರು ಇದಕ್ಕ ಬನಿಯನ್ ಅಂತಾರ. ಮೈಮ್ಯಾಲ ಹಾಕ್ಕೊಳ್ಳೋದಲ್ಲ ಮತ್ತ!

ಕೂತು ಬ್ಯಾಸರಾಗಿ ಇದರ ಇತಿಹಾಸ ಹುಡುಕಿ ಓದಿದೆ. ಇಂಗ್ಲೆಂಡಿನ ಕೇಂಬ್ರಿಜ್‌ನ್ಯಾಗ ಹಳೇ ಗೋರಿಗಳಿಂದ ತಗದ 177 ಮಂದಿಯ ಎಲುಬು ಪರೀಕ್ಷಾ ಮಾಡಿ 2021ರಾಗ ವರದಿ ಬರದಾರ. 11ರಿಂದ 13ನೇ ಶತಮಾನದವರೊಳಗ ನೂರಕ್ಕ 6 ಮಂದಿಗೆ ಈ ಸೊಟ್ಟ ಬೆರಳಿತ್ತು. 14-15ನೇ ಶತಮಾನದವರೊಳಗ ನೂರಕ್ಕ 27! ನಡುವ ಏನಾತು ಅಂದ್ರ, ಚೂಪು ಮೂತಿಯ ಬೂಟಿನ ಫ್ಯಾಶನ್ ಬಂತು. ಪೊಲೇನ್ ಅಂತ ಅದರ ಹೆಸರು. ಉದ್ದನ ತುದಿ ಬಗ್ಗಬಾರದಂತ ಒಳಗ ಪಾಚಿ ತುರುಕತಿದ್ರು. ಹಳ್ಳಿ ಮಂದಿಯೊಳಗ ನೂರಕ್ಕ 3 ಜನರಿಗಷ್ಟ ಈ ತ್ರಾಸು. ಮಠದಾಗ ಹೂಳಿದ ಸನ್ಯಾಸಿಗಳು, ಶ್ರೀಮಂತರೊಳಗ ಹತ್ತಿರಹತ್ತಿರ ಅರ್ಧ ಮಂದಿಗೆ! ಪಾದ್ರಿಗಳು ಚೂಪು ಬೂಟು ಹಾಕಬಾರದಂತ ಚರ್ಚು 1215ರಾಗನ ಹೇಳಿತ್ತು. ಯಾರು ಕೇಳ್ತಾರ? 1463ರಾಗ ರಾಜಾ ನಾಲ್ಕನೇ ಎಡ್ವರ್ಡ್, ಲಂಡನ್ನಿನ್ಯಾಗ ಬೂಟಿನ ಮೂತಿ ಎರಡು ಇಂಚು ದಾಟಬಾರದಂತ ಕಾಯ್ದೇನ ಮಾಡಿದ.

ಎದಿ ಝಲ್ಲಂದದ್ದು ಮುಂದಿನ ಮಾತಿಗೆ. ಬೆರಳು ಸೊಟ್ಟಾದವರ ಎಲುಬಿನ್ಯಾಗ, ಅದೂ 45 ದಾಟಿದವರೊಳಗ, ಬಿದ್ದು ಮುರದ ಗುರುತು ಜಾಸ್ತಿ ಇದ್ದವಂತ. ಮುಗ್ಗರಿಸಿ ಕೈ ಊರಿ ಬಿದ್ದವರು. ನಮ್ಮವ್ವ ನೆನಪಾದಳು. ಅಕಿ ಬೆರಳೂ ಹಿಂಗ ಇತ್ತು. ಹಿತ್ತಲ ಮೆಟ್ಟಿಲದಾಗ ಬಿದ್ದು ಮುಂಗೈ ಮುರಕೊಂಡಾಗ "ಮುದುಕಿಗೆ ಕಣ್ಣು ಕಾಣಂಗಿಲ್ಲ" ಅಂದಿದ್ವಿ. ನಾನೂ ಅಂದಿದ್ದೆ. ಅಕಿ ಕಾಲು ಯಾರೂ ನೋಡಲಿಲ್ಲ.

ಅವ್ವ ಬೂಟು ಹಾಕಿದಾಕಿ ಅಲ್ಲ, ಅರ್ಧ ಆಯುಷ್ಯ ಬರಿಗಾಲಲೇ ಕಳದಾಕಿ. ಅಕಿಗೆ ಹೆಂಗ ಬಂತು? 1958ರಾಗ ಹಾಂಕಾಂಗಿನ ಡಾಕ್ಟರು ಹೋಲಿಸಿ ನೋಡಿದಾಗ ಬೂಟು ಹಾಕೋರೊಳಗ ನೂರಕ್ಕ 33, ಬರಿಗಾಲಿನವರೊಳಗ 2 ಸಿಕ್ಕವು. ಕಮ್ಮಿ ಖರೆ, ಸೊನ್ನೆ ಅಲ್ಲ. ಪಾದದ ಆಕಾರ ಮನೆತನದಾಗ ಇಳಿದು ಬರ್ತದ, ಬಿಗಿ ಚಪ್ಪಲಿ ಅದನ್ನ ಹೆಚ್ಚು ಮಾಡ್ತದ. ನನಗ ಎರಡೂ ಕೂಡಿದ್ವು: ಅವ್ವನ ಕಾಲು, ಮದುವಿ-ಮುಂಜಿವಿಗೆ ಹಾಕ್ಕೊಂಡ ಚೂಪು ಚಪ್ಪಲಿ.

ಹಿಂದಕ ಡಾಕ್ಟರು ಗಂಟಷ್ಟ ಕೆತ್ತಿ ತಗೀತಿದ್ರು, ಬೆರಳು ಸೊಟ್ಟನ ಉಳೀತಿತ್ತು. 1881ರಾಗ ಜಿನೀವಾದ ಜಾಕ್ ಲೂಯಿ ರೆವರ್ಡಿನ್ ಎಲುಬಿನ್ಯಾಗಿಂದ ಬೆಣೆಯಂಥ ಚೂರು ತಗದು ನೇರ ಮಾಡೋದು ತೋರಿಸಿದ. ನನಗೂ ಎಲುಬು ಕತ್ತರಿಸಿ, ಸರಿಸಿ, ಸ್ಕ್ರೂ ಹಾಕ್ಯಾರ. ಆರು ವಾರ ಗಟ್ಟಿ ಅಡಿಯ ಚಪ್ಪಲಿ ಹಾಕ್ಕೊಂಡು ಹಿಮ್ಮಡದ ಮ್ಯಾಲ ಭಾರ ಬಿಟ್ಟು ನಡದೆ. ಸಂಜೀಕ ಇನ್ನೂ ಬಾವು ಬರ್ತದ, ಇಳಿಯಾಕ ತಿಂಗಳುಗಟ್ಟಲೆ ಬೇಕಂತ. ಎಡಗಾಲಿಗೆ ಸದ್ಯ ಮೂತಿ ಅಗಲದ ಚಪ್ಪಲಿ ಸಾಕಂದಾರ. ಬೆರಳ ನಡುವ ಇಡೋ ಸಿಲಿಕಾನ್ ತುಂಡು ಬ್ಯಾನಿ ಕಡಿಮಿ ಮಾಡ್ತದ, ಬೆರಳು ನೇರ ಮಾಡಂಗಿಲ್ಲ.

ಮೊನ್ನೆ ಮಗಳು ನಿಶ್ಚಯಕ್ಕಂತ ಚೂಪು ಮೂತಿ ಚಪ್ಪಲಿ ತಂದಾಳ. ಅಕಿ ಕಾಲು ಹಿಡಕೊಂಡು ನೋಡಿದೆ. ಗಂಟು ಎದ್ದಿಲ್ಲ. ಹೆಬ್ಬೆರಳು ಚೂರು ಒಳಗ ವಾಲೇದ.