ಪುರುಷರ ಫ್ಲೋರ್ ಎಕ್ಸರ್ಸೈಸ್

ಪುರುಷರ ಕಲಾತ್ಮಕ ಜಿಮ್ನಾಸ್ಟಿಕ್ಸ್‌ನ ಆರು ಸ್ಪರ್ಧೆಗಳಲ್ಲಿ ಒಂದು. ಉಳಿದ ಐದರಲ್ಲಿ ಹಿಡಿದುಕೊಳ್ಳಲು ಕಂಬಿಯೋ ಬಳೆಯೋ, ಕೈಯೂರಲು ಕುದುರೆಯೋ ಮೇಜೋ ಇರುತ್ತದೆ. ಇಲ್ಲಿ ನೆಲವೇ ಸಾಧನ. 12 ಮೀಟರ್ ಉದ್ದ, ಅಷ್ಟೇ ಅಗಲದ ಚೌಕ. ಮೇಲೆ ಕಾರ್ಪೆಟ್, ಅದರಡಿ ಫೋಮ್, ಅದಕ್ಕೂ ಕೆಳಗೆ ಸ್ಪ್ರಿಂಗ್ ಜೋಡಿಸಿದ ಹಲಗೆ. ಮೂಲೆಯಿಂದ ಮೂಲೆಗೆ ಓಡಿದರೂ ಸಿಗುವುದು ಸುಮಾರು 17 ಮೀಟರ್. ಓಟ, ಲಾಗ, ಇಳಿತ ಮೂರೂ ಅಷ್ಟರೊಳಗೇ ಮುಗಿಯಬೇಕು.

ಪ್ಯಾರಿಸ್ ಒಲಿಂಪಿಕ್ಸ್‌ವರೆಗಿನ ನಿಯಮದಂತೆ ಪ್ರದರ್ಶನಕ್ಕೆ ಗರಿಷ್ಠ 70 ಸೆಕೆಂಡ್. ಮಹಿಳೆಯರಿಗೆ 90 ಸೆಕೆಂಡ್ ಜೊತೆಗೆ ಸಂಗೀತವೂ ಇದೆ, ಗಂಡಸರಿಗೆ ಸಂಗೀತವಿಲ್ಲ. ಹಾಗಾಗಿ ಪಾದ ನೆಲಕ್ಕೆ ಬಡಿಯುವ ಸದ್ದು ಪ್ರೇಕ್ಷಕರಿಗೂ ಕೇಳುತ್ತದೆ. ಮುಂದಕ್ಕೂ ಹಿಂದಕ್ಕೂ ಲಾಗ ಹಾಕಬೇಕು, ನಡುವೆ ಬಲ ಅಥವಾ ಸಮತೋಲನದ ಭಂಗಿಯೊಂದನ್ನು ತೋರಬೇಕು. ಆ ಭಂಗಿಯಲ್ಲಿ ಎರಡು ಸೆಕೆಂಡ್ ಕದಲದೆ ನಿಲ್ಲಬೇಕು. ದಮ್ಮು ಕಟ್ಟುವುದು ಕೊನೆಯ ಓಟದಲ್ಲಿ. ಮೂಲೆಯಲ್ಲಿ ನಿಂತು ಉಸಿರು ತೆಗೆದುಕೊಳ್ಳೋಣವೆಂದರೆ ಅದಕ್ಕೂ ಅಂಕ ಕಳೆಯುತ್ತಾರೆ.

2006ರಿಂದ ಅಂಕ ಎರಡು ಭಾಗ: ಕಷ್ಟದ ಮಟ್ಟಕ್ಕೆ ಒಂದು, ಅದನ್ನು ಎಷ್ಟು ಚೊಕ್ಕವಾಗಿ ಮಾಡಿದರೆಂಬುದಕ್ಕೆ ಹತ್ತರಲ್ಲಿ ಇನ್ನೊಂದು. ಬಿದ್ದರೆ ಒಂದು ಪೂರ್ಣ ಅಂಕ ಹೋಗುತ್ತದೆ. ಒಂದು ಪಾದ ಗೆರೆ ದಾಟಿದರೆ ಗೆರೆ ಕಾಯುವ ತೀರ್ಪುಗಾರರು ಬಾವುಟ ಎತ್ತುತ್ತಾರೆ, 0.1 ಕಡಿತ. ಇದು ಚಿಲ್ಲರೆ ಎನ್ನುವವರು 2024ರ ಪ್ಯಾರಿಸ್ ಫೈನಲ್ ನೋಡಬೇಕು. ಫಿಲಿಪ್ಪೀನ್ಸ್‌ನ ಕಾರ್ಲೋಸ್ ಯೂಲೊ 15.000 ಅಂಕ ಪಡೆದು ಚಿನ್ನ ಗೆದ್ದರು, ಇಸ್ರೇಲ್‌ನ ಆರ್ಟೆಮ್ ಡೊಲ್ಗೊಪ್ಯಾಟ್ 14.966ಕ್ಕೆ ಬೆಳ್ಳಿ. ಒಂದು ಹೆಜ್ಜೆ ಜಾರಿದ್ದರೂ ಪದಕ ಕೈ ಬದಲಾಗುತ್ತಿತ್ತು. ಅದೇ ಡೊಲ್ಗೊಪ್ಯಾಟ್ ಟೋಕಿಯೊದಲ್ಲಿ ಸ್ಪೇನ್‌ನ ರೇಡರ್ಲಿ ಸಪಾಟಾ ಜೊತೆ 14.933ರಲ್ಲಿ ಸಮನಾಗಿ ನಿಂತು, ಕಷ್ಟದ ಮಟ್ಟ ಹೆಚ್ಚಿದ್ದುದರಿಂದ ಚಿನ್ನ ಪಡೆದಿದ್ದರು.

ಒಲಿಂಪಿಕ್ಸ್‌ನಲ್ಲಿ ಇದು ವೈಯಕ್ತಿಕ ಸ್ಪರ್ಧೆಯಾದದ್ದು 1932ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಹಂಗೇರಿಯ ಇಸ್ತ್ವಾನ್ ಪೆಲ್ಲೆ ಮೊದಲ ವಿಜೇತ. ನೆಲಕ್ಕೆ ಸ್ಪ್ರಿಂಗ್ ಬಂದಮೇಲೆ ಲಾಗದ ಎತ್ತರವೂ ಸುತ್ತೂ ಏರುತ್ತ ಹೋದವು. ಚೀನಾದ ಲಿ ಶಿಯಾವ್‌ಶುವಾಂಗ್ 1992ರ ಬಾರ್ಸಿಲೋನಾದಲ್ಲಿ ಹಿಮ್ಮುಖವಾಗಿ ಮೂರು ಲಾಗ ಒಟ್ಟಿಗೇ ಹಾಕಿ ಚಿನ್ನ ಗೆದ್ದರು. ಜಪಾನಿನ ಕೆಂಜೊ ಶಿರಾಯಿ 2013ರಲ್ಲಿ ಹದಿನೇಳನೆಯ ವಯಸ್ಸಿಗೆ ವಿಶ್ವ ಚಾಂಪಿಯನ್ ಆದರು. ಮೈ ನೀಳವಾಗಿಟ್ಟು ಒಂದೇ ಲಾಗದಲ್ಲಿ ನಾಲ್ಕು ಸುತ್ತು ತಿರುಚುವ ಅವರ ವರಸೆಗೆ ಅವರ ಹೆಸರೂ ಸೇರಿದೆ. ಎಲ್ಲ ವರಸೆಗಳೂ ಉಳಿಯಲಿಲ್ಲ. ಅಮೆರಿಕದ ಕರ್ಟ್ ಥಾಮಸ್ ತಂದ ‘ಥಾಮಸ್ ಸಾಲ್ಟೊ’ದಲ್ಲಿ ಇಳಿಯುವುದು ಕಾಲಿನ ಮೇಲಲ್ಲ, ಕತ್ತು ಬಾಗಿಸಿ ಉರುಳುತ್ತ. ಇದನ್ನು ಅಭ್ಯಾಸ ಮಾಡುವಾಗಲೇ ಸೋವಿಯತ್‌ನ ಎಲೆನಾ ಮುಖಿನಾ 1980ರಲ್ಲಿ ಕತ್ತು ಮುರಿದುಕೊಂಡು ಜೀವನವಿಡೀ ಹಾಸಿಗೆ ಹಿಡಿದರು. ಇಂಥ ಇಳಿತಗಳನ್ನು ಮೊದಲು ಮಹಿಳೆಯರಿಗೆ ನಿಷೇಧಿಸಿದರು, ಪುರುಷರಿಗೆ ಬಹಳ ತಡವಾಗಿ.

1976ರ ಮಾಂಟ್ರಿಯಲ್‌ನಲ್ಲಿ ಜಪಾನಿನ ಶುನ್ ಫುಜಿಮೊಟೊ ಮಂಡಿಚಿಪ್ಪು ಒಡೆದುಕೊಂಡದ್ದೂ ಫ್ಲೋರ್‌ನಲ್ಲೇ. ನೋವು ಮುಚ್ಚಿಟ್ಟುಕೊಂಡು ಅವರು ಇನ್ನೆರಡು ಸಾಧನಗಳ ಮೇಲೆ ಆಡಿದರು. ಜಪಾನ್ ತಂಡ ಚಿನ್ನ ಗೆದ್ದಿತು. ಬ್ರೆಜಿಲ್‌ನ ಡಿಯಾಗೊ ಹಿಪೊಲಿಟೊ ಕಥೆ ಇನ್ನೂ ದೀರ್ಘ. ಎರಡು ಬಾರಿಯ ವಿಶ್ವ ಚಾಂಪಿಯನ್ ಆಗಿ ಬೀಜಿಂಗ್‌ಗೆ ಬಂದವರು ಫೈನಲ್‌ನ ಕೊನೆಯ ಇಳಿತದಲ್ಲಿ ಬಿದ್ದರು. ಲಂಡನ್‌ನಲ್ಲಿ ಅರ್ಹತಾ ಸುತ್ತಿನಲ್ಲೇ ಮುಗ್ಗರಿಸಿದರು. ಬೆಳ್ಳಿ ದಕ್ಕಿದ್ದು 2016ರಲ್ಲಿ, ಸ್ವಂತ ದೇಶದ ರಿಯೊದಲ್ಲಿ.

ಭಾರತಕ್ಕೆ ಈ ಸ್ಪರ್ಧೆಯ ದೊಡ್ಡ ವರ್ಷ 2010. ಅಲಹಾಬಾದಿನ ಆಶಿಶ್ ಕುಮಾರ್ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲೂ ಗುವಾಂಗ್‌ಜೌನ ಏಷ್ಯನ್ ಕ್ರೀಡಾಕೂಟದಲ್ಲೂ ಫ್ಲೋರ್‌ನಲ್ಲಿ ಕಂಚು ಗೆದ್ದರು.